ಆಲೂಗಡ್ಡೆ ಬ್ರೆಡ್: ಮೊದಲು ಗಡ್ಡೆಯ ನೀರಿನ ಲೆಕ್ಕ ನೋಡಿ

ಬೇಕರಿಯ ಆಲೂ ಬನ್ನಿನಲ್ಲಿ ಆಲೂಗಡ್ಡೆ ಇರುವುದು ಪಲ್ಯವಾಗಿ, ಹೊಟ್ಟೆಯೊಳಗೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಬೇಯಿಸಿದ ಗಡ್ಡೆಯನ್ನು ಹಿಟ್ಟಿನೊಂದಿಗೇ ನಾದಿ ಮಾಡುವ ಬ್ರೆಡ್ಡು, ರೊಟ್ಟಿಗಳ ವಿಷಯ. ಐರ್ಲೆಂಡ್, ಸ್ಕಾಟ್ಲೆಂಡ್, ನಾರ್ವೆ, ಫಿನ್ಲೆಂಡ್, ಹಂಗೇರಿ, ಇಟಲಿಯ ಬಾರಿ ಪಟ್ಟಣ, ಚಿಲಿಯ ಚಿಲೋಯೆ ದ್ವೀಪ ಹೀಗೆ ಗಡ್ಡೆ ಬೆಳೆದಲ್ಲೆಲ್ಲ ಒಂದೊಂದು ಬಗೆ ಇದೆ. ರುಚಿ ಬೇರೆ ಬೇರೆಯಾದರೂ ಕೆಡುವುದಕ್ಕೆ ಕಾರಣ ಹೆಚ್ಚಾಗಿ ಒಂದೇ: ನೀರು.

ಬೆಂದ ಆಲೂಗಡ್ಡೆಯ ತೂಕದಲ್ಲಿ ಸುಮಾರು ಶೇ. 78ರಿಂದ 80 ನೀರು. ಅಂದರೆ ಕಾಲು ಕೆಜಿ ಗಡ್ಡೆ ಹಾಕಿದಿರೆಂದರೆ ಹಿಟ್ಟಿಗೆ ಒಂದು ಲೋಟ ನೀರು ಹೊಯ್ದ ಹಾಗೆ. ಆದರೆ ಆ ನೀರು ಒಮ್ಮೆಲೇ ಹೊರಗೆ ಬರುವುದಿಲ್ಲ. ಬೆಂದು ಉಬ್ಬಿದ ಪಿಷ್ಟ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಬ್ರೆಡ್ಡು ಮೂರನೇ ದಿನಕ್ಕೂ ಮೆತ್ತಗಿರುವುದು ಇದರಿಂದಲೇ. ಕಲಸುವಾಗ ಸರಿಯಾಗಿದ್ದ ಹಿಟ್ಟು ಹತ್ತು ನಿಮಿಷ ನಾದಿದ ಮೇಲೆ ಕೈಗೆ ಮೆತ್ತುವುದೂ ಇದರಿಂದಲೇ.

ಗಡ್ಡೆ

ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಿಯುವ ಎಳೆಯ ಹೊಸ ಗಡ್ಡೆ ಸಾಗುವಿಗೆ ಚೆನ್ನ, ಬ್ರೆಡ್ಡಿಗೆ ಅಲ್ಲ. ಅದರಲ್ಲಿ ಪಿಷ್ಟ ಕಡಿಮೆ, ಹಿಸುಕಿದರೆ ಅಂಟಂಟು. ಸಿಪ್ಪೆ ಬಲಿತ, ಬೇಯಿಸಿದಾಗ ಮೈ ಬಿರಿದು ಪುಡಿಯಾಗುವಂಥದ್ದು ಬೇಕು. ಚಿಪ್ಸಿಗೆಂದೇ ಬೆಳೆಯುವ ಕುಫ್ರಿ ಚಿಪ್ಸೋನಾ ಸಿಕ್ಕರೆ ಬಿಡಬೇಡಿ. ತಳಿ ಗೊತ್ತಿಲ್ಲದಿದ್ದರೆ ಒಂದು ಪರೀಕ್ಷೆ ಇದೆ: ಹನ್ನೊಂದು ಲೋಟ ನೀರಿಗೆ ಒಂದು ಲೋಟ ಉಪ್ಪು ಕರಗಿಸಿ ಗಡ್ಡೆ ಬಿಡಿ. ಮುಳುಗಿದ್ದರಲ್ಲಿ ಪಿಷ್ಟ ಹೆಚ್ಚು, ಬ್ರೆಡ್ಡಿಗೆ ಅದು. ತೇಲಿದ್ದನ್ನು ಪಲ್ಯಕ್ಕೆ ಎತ್ತಿಡಿ. ಹಸಿರು ತಿರುಗಿದ ಗಡ್ಡೆ ಯಾವುದಕ್ಕೂ ಬೇಡ.

ಫ್ರಿಜ್ಜಿನಲ್ಲಿಟ್ಟ ಅಥವಾ ಶೀತಲಗೃಹದಿಂದ ಆಗಷ್ಟೇ ಬಂದ ಗಡ್ಡೆಯ ಬಗ್ಗೆ ಎಚ್ಚರ. ಚಳಿಯಲ್ಲಿ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗುತ್ತದೆ. ಕಚ್ಚಿದರೆ ಸಿಹಿ ಗೊತ್ತಾಗದಿದ್ದರೂ ಒಲೆಯಲ್ಲಿ ಗೊತ್ತಾಗುತ್ತದೆ: ಒಳಗೆ ಬೇಯುವ ಮೊದಲೇ ಮೇಲ್ಭಾಗ ಕಪ್ಪಾಗುತ್ತದೆ. ಅಂಥ ಗಡ್ಡೆಯನ್ನು ಒಂದು ವಾರ ಹೊರಗೆ, ಕತ್ತಲೆ ಇರುವ ಕಡೆ ಬುಟ್ಟಿಯಲ್ಲಿಟ್ಟು ಬಳಸಿ.

ಬೇಯಿಸುವಾಗ ಸಿಪ್ಪೆ ತೆಗೆಯಬೇಡಿ, ಕತ್ತರಿಸಲೂಬೇಡಿ. ಕುಕ್ಕರಿನ ತಳಕ್ಕೆ ಮಾತ್ರ ನೀರು ಹಾಕಿ, ಗಡ್ಡೆಯನ್ನು ನೀರಿಲ್ಲದ ಒಳಪಾತ್ರೆಯಲ್ಲಿಟ್ಟು ಮಧ್ಯಮ ಗಾತ್ರದ್ದಾದರೆ ಮೂರು ಕೂಗು ಕೂಗಿಸಿ. ನೇರ ನೀರಲ್ಲಿ ಐದಾರು ಕೂಗು ಕೂಗಿಸಿದರೆ ಸಿಪ್ಪೆ ಬಿರಿದು ಗಡ್ಡೆ ಇನ್ನಷ್ಟು ನೀರು ಕುಡಿಯುತ್ತದೆ. ಬಿಸಿ ಇರುವಾಗಲೇ ಸಿಪ್ಪೆ ಸುಲಿದು ಹಿಸುಕಿ, ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ಆವಿ ಹೋಗಿ, ಬಾಣಲೆಯ ತಳದಲ್ಲಿ ತೆಳು ಬಿಳಿ ಪೊರೆ ಕಾಣಿಸಿದರೆ ಸಾಕು. ಅನೇಕರು ಬಿಡುವುದು ಈ ಎರಡು ನಿಮಿಷವನ್ನೇ.

ಹಿಸುಕುವುದಕ್ಕೆ ಮಿಕ್ಸಿ ಬೇಡವೇ ಬೇಡ. ಬ್ಲೇಡು ತಿರುಗಿದರೆ ಗಡ್ಡೆಯ ಕೋಶಗಳು ಒಡೆದು ಪಿಷ್ಟ ಹೊರಬಂದು ಗೋಂದಾಗುತ್ತದೆ. ಅದನ್ನು ಸರಿಮಾಡುವ ದಾರಿಯಿಲ್ಲ. ಇದಕ್ಕೆಂದು ಹೊರದೇಶಗಳಲ್ಲಿ ಒಂದು ಒತ್ತುವ ಸಲಕರಣೆ ಮಾರುತ್ತಾರೆ, ದುಡ್ಡು ಹಾಕಬೇಡಿ. ಮನೆಯ ಚಕ್ಕುಲಿ ಒರಳಿಗೆ ಸೇವೆಯ ಬಿಲ್ಲೆ ಹಾಕಿ ಬಿಸಿ ಗಡ್ಡೆ ಒತ್ತಿದರೆ ಅದೇ ಕೆಲಸ ಆಗುತ್ತದೆ. ಶ್ಯಾವಿಗೆಯಂತೆ ಎಳೆ ಎಳೆಯಾಗಿ ಬೀಳುವಾಗ ಆವಿಯೂ ಹೋಗುತ್ತದೆ, ಗಂಟೂ ಉಳಿಯುವುದಿಲ್ಲ.

ಟಿನ್ನಿನ ಬ್ರೆಡ್ಡು

ಹಂಗೇರಿಯ ಕ್ರುಂಪ್ಲಿಶ್ ಕೆನ್ಯೇರ್, ಜರ್ಮನಿಯ ಕಾರ್ಟೊಫೆಲ್‌ಬ್ರೋಟ್, ಅಮೆರಿಕದ ಪೆನ್ಸಿಲ್ವೇನಿಯಾದ ಮೆತ್ತನೆ ಬನ್ನುಗಳು ಒಂದೇ ಕುಲ. ಇವುಗಳಲ್ಲಿ ಮೈದಾ ಯಜಮಾನ, ಗಡ್ಡೆ ಸಹಾಯಕ. ಹಿಟ್ಟಿನ ತೂಕದ ಶೇ. 25ರಿಂದ 40ರಷ್ಟು ಗಡ್ಡೆ ಹಾಕಬಹುದು. ಹಿಟ್ಟನ್ನು ಎಳೆದು ಹಿಡಿಯುವ ಗೋಧಿಯ ಜಿಗುಟು, ಅಂದರೆ ಗ್ಲುಟೆನ್, ಗಡ್ಡೆಯಲ್ಲಿ ಇಲ್ಲ, ಹೆಚ್ಚಾದಷ್ಟೂ ಉಬ್ಬನ್ನು ಹೊರುವ ಬಲ ಕುಗ್ಗುತ್ತದೆ. ನಮ್ಮ ಅಂಗಡಿ ಮೈದಾಕ್ಕೆ ಬಲ ಅಷ್ಟಕ್ಕಷ್ಟೇ, ಆದ್ದರಿಂದ ಶೇ. 40 ದಾಟಬೇಡಿ.

9×5 ಇಂಚಿನ ಒಂದು ಟಿನ್ನಿಗೆ: ಮೈದಾ 400 ಗ್ರಾಂ, ಆವಿ ಹೋದ ಗಡ್ಡೆ 150 ಗ್ರಾಂ, ಹಾಲು 160 ಮಿ.ಲೀ., ಸಕ್ಕರೆ 20 ಗ್ರಾಂ, ಉಪ್ಪು 8 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಬೆಣ್ಣೆ 30 ಗ್ರಾಂ. ಗಡ್ಡೆಯನ್ನು ಬಾಣಲೆಯಿಂದ ಇಳಿಸಿದ ಮೇಲೆ ತೂಗಿ, ಮೊದಲು ತೂಗಿದರೆ ಲೆಕ್ಕ ತಪ್ಪುತ್ತದೆ.

ಗಡ್ಡೆ ಉಗುರುಬೆಚ್ಚಗಾಗುವವರೆಗೆ ಕಾಯಿರಿ, ಸುಡುವ ಗಡ್ಡೆ ಯೀಸ್ಟನ್ನು ಕೊಲ್ಲುತ್ತದೆ. ಬೆಣ್ಣೆ ಬಿಟ್ಟು ಉಳಿದದ್ದೆಲ್ಲ ಸೇರಿಸಿ, ಹಾಲು ಮಾತ್ರ 130 ಮಿ.ಲೀ. ಹಾಕಿ ಕಲಸಿ. ಹಿಟ್ಟು ಒಣಗಿದಂತೆ, ಗಟ್ಟಿಯಾಗಿ ಕಾಣುತ್ತದೆ. ಹೆದರಿ ಹಾಲು ಸುರಿಯಬೇಡಿ. ಐದು ನಿಮಿಷ ನಾದಿ, ಹತ್ತು ನಿಮಿಷ ಮುಚ್ಚಿಟ್ಟು ಮತ್ತೆ ಮುಟ್ಟಿ ನೋಡಿ, ಗಡ್ಡೆಯ ನೀರು ಹಿಟ್ಟಿಗೆ ಇಳಿದು ಮೆತ್ತಗಾಗಿರುತ್ತದೆ. ಚಪಾತಿ ಹಿಟ್ಟಿಗಿಂತ ಇನ್ನೂ ಗಟ್ಟಿಯಿದ್ದರೆ ಮಾತ್ರ ಉಳಿದ ಹಾಲನ್ನು ಚಮಚ ಚಮಚವಾಗಿ ಸೇರಿಸಿ. ಆಮೇಲೆ ಬೆಣ್ಣೆ ಹಾಕಿ ಎಂಟು ನಿಮಿಷ ನಾದಿ. ಸ್ವಲ್ಪ ಅಂಟು ಉಳಿಯುತ್ತದೆ, ಉಳಿಯಲಿ. ಮೈದಾ ಉದುರಿಸುತ್ತಾ ಹೋದರೆ ಗಡ್ಡೆ ಹಾಕಿದ್ದೇ ವ್ಯರ್ಥ. ಅಂಗೈಗೆ ಎಣ್ಣೆ ಸವರಿಕೊಳ್ಳಿ, ಸಾಕು.

ಈ ಹಿಟ್ಟು ಸಾದಾ ಬ್ರೆಡ್ಡಿನ ಹಿಟ್ಟಿಗಿಂತ ಬೇಗ ಉಬ್ಬುತ್ತದೆ. ಬೆಂದ ಪಿಷ್ಟವನ್ನು ಮೈದಾದಲ್ಲಿರುವ ಕಿಣ್ವಗಳು ಸುಲಭವಾಗಿ ಸಕ್ಕರೆ ಮಾಡಿ ಯೀಸ್ಟಿಗೆ ಉಣಿಸುತ್ತವೆ. 27 ಡಿಗ್ರಿಯ ಅಡುಗೆಮನೆಯಲ್ಲಿ ದುಪ್ಪಟ್ಟಾಗಲು ಹೆಚ್ಚುಕಡಿಮೆ ಒಂದು ಗಂಟೆ ಸಾಕು. ಕಲಬುರಗಿಯ ಏಪ್ರಿಲ್‌ನಲ್ಲಾದರೆ ಅರ್ಧ ಗಂಟೆಗೇ ಇಣುಕಿ ನೋಡಿ. ಗಾಳಿ ತೆಗೆದು, ಸುರುಳಿ ಸುತ್ತಿ, ಬೆಣ್ಣೆ ಸವರಿದ ಟಿನ್ನಿಗೆ ಹಾಕಿ. ಅಂಚಿನ ಮಟ್ಟಕ್ಕೆ ಬಂದ ಕೂಡಲೇ ಒಲೆಗೆ ಹೋಗಬೇಕು. ಅಂಚಿಗಿಂತ ಎರಡು ಬೆರಳು ಮೇಲೆ ಬರಲಿ ಎಂದು ಕಾದರೆ ಬೇಯುವಾಗ ನಡು ಕುಸಿಯುತ್ತದೆ.

ಓಟಿಜಿಯನ್ನು (ಮನೆಬಳಕೆಯ ವಿದ್ಯುತ್ ಒಲೆ) 190 ಡಿಗ್ರಿಗೆ ಕಾಯಿಸಿ, ಕೆಳಗಿನ ಹಂತದಲ್ಲಿಟ್ಟು 35 ನಿಮಿಷ ಬೇಯಿಸಿ. 20ನೇ ನಿಮಿಷಕ್ಕೆ ಮೇಲೆ ಕೆಂಪಗಾಗಿದ್ದರೆ ಫಾಯಿಲ್ ಹೊದಿಸಿ, ಆದರೆ ಹೊರಗೆ ತೆಗೆಯಬೇಡಿ. ಥರ್ಮಾಮೀಟರ್ ಇದ್ದರೆ ನಡುವೆ 95 ಡಿಗ್ರಿ ತೋರಿಸಬೇಕು. ಟಿನ್ನಿಂದ ಬಿಡಿಸಿದ ಮೇಲೆ ಎರಡೂ ಪಕ್ಕ ಒಳಕ್ಕೆ ಸೊರಗಿದರೆ ಬೇಯುವುದು ಸಾಲಲಿಲ್ಲ ಎಂದೇ ಅರ್ಥ. ಎರಡು ಗಂಟೆ ಆರದೆ ಕತ್ತರಿಸಬೇಡಿ. ಬಿಸಿಯಲ್ಲಿ ಕೊಯ್ದರೆ ಒಳಗೆ ಅಂಟಂಟು ಇರುತ್ತದೆ, ಬೆಂದಿಲ್ಲವೆಂದು ತಪ್ಪು ತಿಳಿಯುತ್ತೀರಿ.

ಬಾರಿಯ ಫೊಕಾಚಾ

ಇಟಲಿಯ ದಕ್ಷಿಣದ ಪುಲಿಯಾ ಸೀಮೆಯ ಬಾರಿಯಲ್ಲಿ ಫೊಕಾಚಾ ಎಂಬ ಚಪ್ಪಟೆ ಬ್ರೆಡ್ಡಿನ ಹಿಟ್ಟಿಗೆ ಒಂದು ಬೆಂದ ಗಡ್ಡೆ ಸೇರಿಸುವುದು ರೂಢಿ. ಅಲ್ಲಿ ಬಳಸುವುದು ಡ್ಯೂರಮ್ ಗೋಧಿಯ ರವೆಯನ್ನು ಮತ್ತೊಮ್ಮೆ ಬೀಸಿದ ಹಳದಿ ಹಿಟ್ಟು. ನಮ್ಮ ಬನ್ಸಿ ರವೆ ಅದೇ ಡ್ಯೂರಮ್ ಜಾತಿಯದು. ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಜರಡಿ ಹಿಡಿದರೆ ಹತ್ತಿರಕ್ಕೆ ಬರುತ್ತದೆ (ಇಲ್ಲಿ ಮಿಕ್ಸಿಗೆ ಅಡ್ಡಿಯಿಲ್ಲ).

ಬನ್ಸಿ ಹಿಟ್ಟು 250, ಮೈದಾ 250, ಗಡ್ಡೆ 150, ಉಪ್ಪು 10, ಯೀಸ್ಟ್ 4 ಗ್ರಾಂ, ನೀರು 300 ಮಿ.ಲೀ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ತೀರಾ ಸಡಿಲ, ನಾದಲಾಗದು. ಒದ್ದೆ ಕೈಯಲ್ಲಿ ಅಂಚು ಎಳೆದು ನಡುವಿಗೆ ಮಡಚುತ್ತಾ ಅರ್ಧ ಗಂಟೆಗೊಮ್ಮೆ ಮೂರು ಸಲ ಮಾಡಿ. ದುಪ್ಪಟ್ಟಾದ ಮೇಲೆ 12 ಇಂಚಿನ ದುಂಡು ತಟ್ಟೆಗೆ ನಾಲ್ಕು ಚಮಚ ಆಲಿವ್ ಎಣ್ಣೆ ಹೊಯ್ದು ಹರಡಿ. ಚಿಕ್ಕ ಟೊಮೇಟೊಗಳನ್ನು ಕೈಯಲ್ಲೇ ಹಿಚುಕಿ ರಸಸಮೇತ ಹಿಟ್ಟಿನೊಳಕ್ಕೆ ಒತ್ತಿ, ಆಲಿವ್ ಕಾಯಿ, ಓರೆಗಾನೊ, ಕಲ್ಲುಪ್ಪು ಉದುರಿಸಿ, 230 ಡಿಗ್ರಿಯಲ್ಲಿ 25 ನಿಮಿಷ ತಳಕ್ಕೆ ಹತ್ತಿರವಿಟ್ಟು ಬೇಯಿಸಿ. ತಳ ಎಣ್ಣೆಯಲ್ಲಿ ಕರಿದಂತೆ ಗರಿಗರಿ ಆಗಬೇಕು. ಎಣ್ಣೆಗೆ ಕಂಜೂಸಿ ಮಾಡಿದರೆ ಅದು ಆಗದು.

ಹಂಚಿನ ರೊಟ್ಟಿಗಳು: ಬಿಸಿ ಗಡ್ಡೆಯೋ ತಣ್ಣನೆಯದೋ

ಇಲ್ಲಿ ಲೆಕ್ಕ ತಿರುಗುಮುರುಗು. ಗಡ್ಡೆ ಯಜಮಾನ, ಹಿಟ್ಟು ಕಟ್ಟಿಹಿಡಿಯುವುದಕ್ಕಷ್ಟೇ. ಯೀಸ್ಟ್ ಇಲ್ಲ, ಉಬ್ಬಲೆಂದು ಕಾಯುವುದೂ ಇಲ್ಲ.

ಸ್ಕಾಟ್ಲೆಂಡಿನ ಟ್ಯಾಟಿ ಸ್ಕೋನ್, ಉತ್ತರ ಐರ್ಲೆಂಡಿನಲ್ಲಿ ಫ್ಯಾಜ್ ಎಂದೂ ಕರೆಯುವ ಪೊಟೇಟೊ ಬ್ರೆಡ್ ಹೆಚ್ಚುಕಡಿಮೆ ಒಂದೇ. 500 ಗ್ರಾಂ ಗಡ್ಡೆಗೆ 100ರಿಂದ 125 ಗ್ರಾಂ ಮೈದಾ, 30 ಗ್ರಾಂ ಬೆಣ್ಣೆ, ಒಂದು ಚಮಚ ಉಪ್ಪು. ಗಡ್ಡೆ ಬೆಚ್ಚಗಿರುವಾಗಲೇ ಬೆಣ್ಣೆ, ಹಿಟ್ಟು ಸೇರಿಸಿ ಕೂಡಿಸಿ, ಹೆಚ್ಚು ನಾದಬೇಡಿ. ಅರ್ಧ ಸೆಂ.ಮೀ. ದಪ್ಪಕ್ಕೆ ದುಂಡಗೆ ತಟ್ಟಿ ಕೂಡು ಗೆರೆಯಂತೆ ನಾಲ್ಕು ಭಾಗ ಮಾಡಿ. ಆ ಕಾಲುಭಾಗಕ್ಕೇ ‘ಫಾರ್ಲ್’ ಎಂಬ ಹೆಸರು. ಒಣ ಹಂಚಿನ ಮೇಲೆ ಮಧ್ಯಮ ಉರಿಯಲ್ಲಿ ಒಂದೊಂದು ಮಗ್ಗುಲು ನಾಲ್ಕು ನಿಮಿಷ. ಗಡ್ಡೆ ತಣ್ಣಗಾದ ಮೇಲೆ ಕಲಸಿದರೆ ಅಂಚು ಬಿರಿಯುತ್ತದೆ.

ನಾರ್ವೆಯ ಲೆಫ್ಸೆಗೆ ನೇರ ವಿರುದ್ಧ. ಒಂದು ಕೆಜಿ ಗಡ್ಡೆಗೆ 60 ಗ್ರಾಂ ಬೆಣ್ಣೆ, 60 ಮಿ.ಲೀ. ಕ್ರೀಮ್, ಒಂದು ಚಮಚ ಉಪ್ಪು ಬಿಸಿಯಲ್ಲೇ ಬೆರೆಸಿ, ಮುಚ್ಚದೆ ಆರಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ತಣ್ಣಗಾಗುತ್ತಾ ಪಿಷ್ಟ ಮತ್ತೆ ಗಟ್ಟಿಕಟ್ಟುತ್ತದೆ, ಅಂಟು ಹೋಗುತ್ತದೆ. ಕಾಗದದಷ್ಟು ತೆಳ್ಳಗೆ ಲಟ್ಟಿಸಲು ಬರುವುದು ಆಗ ಮಾತ್ರ. 250 ಗ್ರಾಂ ಮೈದಾವನ್ನು ಲಟ್ಟಿಸುವ ಮುಂಚೆ ಸೇರಿಸಿ. ಮೊದಲೇ ಸೇರಿಸಿಟ್ಟರೆ ಅರ್ಧ ಗಂಟೆಯಲ್ಲಿ ಕೆಸರು. ಅಲ್ಲಿಯವರು ಗೀರುಳ್ಳ ಲಟ್ಟಣಿಗೆ, ಬಟ್ಟೆ ಹೊದಿಸಿದ ಮಣೆ, ಎತ್ತಿ ತಿರುಗಿಸಲು ಉದ್ದನೆಯ ಮರದ ಪಟ್ಟಿ ಬಳಸುತ್ತಾರೆ. ಹೋಳಿಗೆ ಮಾಡುವ ಕೈಗೆ ಇದು ಕಷ್ಟವಲ್ಲ: ಹತ್ತಿ ಬಟ್ಟೆಗೆ ಒಣಹಿಟ್ಟು ತಿಕ್ಕಿ, ಲಟ್ಟಿಸಿ, ಲಟ್ಟಣಿಗೆಗೇ ಸುತ್ತಿಕೊಂಡು ಹಂಚಿನ ಮೇಲೆ ಬಿಚ್ಚಿ. ಹಂಚು ಚೆನ್ನಾಗಿ ಕಾದಿರಬೇಕು, ಎಣ್ಣೆ ಬೇಡ. ಕಂದು ಚುಕ್ಕೆ ಬಿದ್ದೊಡನೆ ತೆಗೆದು ಬಟ್ಟೆಯಲ್ಲಿ ಮುಚ್ಚಿಡಿ, ಇಲ್ಲವಾದರೆ ಹಪ್ಪಳವಾಗುತ್ತದೆ. ಬೆಣ್ಣೆ, ಸಕ್ಕರೆ ಸವರಿ ಸುತ್ತಿ ತಿನ್ನುವುದು ವಾಡಿಕೆ. ಇದರ ಚಿಕ್ಕ ತಮ್ಮ ‘ಲೊಂಪೆ’ಯಲ್ಲಿ ಸಾಸೇಜ್ ಸುತ್ತುತ್ತಾರೆ.

ಫಿನ್ಲೆಂಡಿನ ಪೆರುನಾರಿಯೆಸ್ಕ ಸೋಮಾರಿಗಳಿಗೆ ಸರಿ: ಉಳಿದ ಗಡ್ಡೆ 500 ಗ್ರಾಂ, ಬಾರ್ಲಿ ಹಿಟ್ಟು 175 ಗ್ರಾಂ, ಒಂದು ಮೊಟ್ಟೆ, ಉಪ್ಪು. ಒದ್ದೆ ಕೈಯಲ್ಲಿ ತಟ್ಟಿ, ಫೋರ್ಕಿನಿಂದ ಚುಚ್ಚಿ, ಹಂಚಿನ ಬದಲು ಓಟಿಜಿಯಲ್ಲಿ, 250 ಡಿಗ್ರಿಯಲ್ಲಿ 15 ನಿಮಿಷ.

ಹಸಿ ಗಡ್ಡೆಯವು

ಐರ್ಲೆಂಡಿನ ಲೀಟ್ರಿಮ್, ಕ್ಯಾವನ್ ಕಡೆಯ ಬಾಕ್ಸ್ಟಿಯಲ್ಲಿ ಅರ್ಧ ಬೆಂದ ಗಡ್ಡೆ, ಅರ್ಧ ಹಸಿ ತುರಿ. 250 ಗ್ರಾಂ ಹಸಿ ಗಡ್ಡೆಯನ್ನು ಸಣ್ಣಗೆ ತುರಿದು ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ. ಹಿಂಡಿದ ನೀರನ್ನು ಚೆಲ್ಲಬೇಡಿ. ಹತ್ತು ನಿಮಿಷ ಬಿಟ್ಟರೆ ಮೇಲೆ ಕಂದು ನೀರು, ತಳದಲ್ಲಿ ಗಸಿಯಂತೆ ಬಿಳಿ ಪಿಷ್ಟ. ನೀರನ್ನು ಬಗ್ಗಿಸಿ, ಆ ಪಿಷ್ಟವನ್ನು ಕೆರೆದು ಹಿಟ್ಟಿಗೆ ಸೇರಿಸಿ, ಕಚ್ಚಿಕೊಳ್ಳುವ ಗುಣ ಬರುವುದು ಅದರಿಂದ. 250 ಗ್ರಾಂ ಬೆಂದ ಗಡ್ಡೆ, 125 ಗ್ರಾಂ ಮೈದಾ, ಅರ್ಧ ಚಮಚ ಅಡುಗೆ ಸೋಡಾ, ಉಪ್ಪು, ಹುಳಿ ಮಜ್ಜಿಗೆ ಬೇಕಾದಷ್ಟು. ಮಜ್ಜಿಗೆ ಹುಳಿಯಿರದಿದ್ದರೆ ಸೋಡಾದ ವಾಸನೆ ಉಳಿಯುತ್ತದೆ. ತುರಿ ಕಪ್ಪಾಗುವ ಮುಂಚೆ ಹಂಚಿಗೆ ಹಾಕಿ. ಚಿಲೋಯೆಯ ಮಿಲ್ಕಾವೊ ಕೂಡ ಹೀಗೇ ಹಸಿ, ಬೆಂದ ಗಡ್ಡೆ ಎರಡೂ ಕೂಡಿದ್ದು, ಅದಕ್ಕೆ ಹಂದಿಯ ಕೊಬ್ಬು ಬೀಳುತ್ತದೆ.

ಹಿಟ್ಟೇ ಇಲ್ಲದೆ ಬರೀ ಗಡ್ಡೆಯಲ್ಲಿ ಬ್ರೆಡ್ ಆಗದೇ ಎಂಬ ಪ್ರಶ್ನೆ ಹಳೆಯದು. ಫ್ರಾನ್ಸಿನಲ್ಲಿ ಆಲೂಗಡ್ಡೆಯ ಬಳಕೆಗಾಗಿ ಪ್ರಚಾರ ಮಾಡಿದ ಪಾರ್ಮೆಂಟಿಯರ್ 1779ರಲ್ಲೇ ಅದರ ವಿಧಾನ ಪ್ರಕಟಿಸಿದ್ದ. ಒಣ ಪಿಷ್ಟವನ್ನೂ ಬೆಂದ ತಿರುಳನ್ನೂ ಕೂಡಿಸುವ ಆ ದಾರಿಯಲ್ಲಿ ಕೆಲಸ ವಿಪರೀತ, ಮನೆಯಲ್ಲಿ ಮಾಡಿ ಪ್ರಯೋಜನವಿಲ್ಲ.

ಇಡುವುದು

ಒಳಗೆ ಹಸಿಯಿರುವ ಬ್ರೆಡ್ಡಿಗೆ ಬೂಸ್ಟು ಬೇಗ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಎರಡು ದಿನದ ಮೇಲೆ ಹೊರಗಿಡಬೇಡಿ. ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ನೇರ ತವಾದ ಮೇಲೆ ಬಿಸಿಮಾಡಿ.

ಬೂಸ್ಟಿಗಿಂತ ಕೆಟ್ಟದ್ದು ಇನ್ನೊಂದಿದೆ. ಎರಡನೇ ದಿನ ಬ್ರೆಡ್ಡು ಅತಿಯಾಗಿ ಹಣ್ಣಾದ ಕರಬೂಜದ ವಾಸನೆ ಹೊಡೆದು, ಮುರಿದರೆ ಒಳಗಿನಿಂದ ಜೇಡರ ಬಲೆಯಂತೆ ನೂಲು ಎಳೆದರೆ, ಅದು ಮಣ್ಣಿನಲ್ಲಿರುವ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಕೆಲಸ. ಗಡ್ಡೆಯ ಸಿಪ್ಪೆಯ ಜೊತೆ ಬರುವ ಅದರ ಬೀಜಕಗಳು ಒಲೆಯ ಶಾಖಕ್ಕೂ ಸಾಯವು, ಸೆಕೆಯಲ್ಲಿ ಹೆಚ್ಚುತ್ತವೆ. ಅಂಥ ಬ್ರೆಡ್ಡನ್ನು ಇಡಿಯಾಗಿ ಎಸೆಯಿರಿ, ಟಿನ್ನು, ಚಾಕು, ಡಬ್ಬಗಳನ್ನು ವಿನೆಗರ್ ನೀರಲ್ಲಿ ಒರೆಸಿ. ಮುಂದಿನ ಸಲ ಬೇಯಿಸುವ ಮೊದಲು ಗಡ್ಡೆಯನ್ನು ಬ್ರಷ್ ಹಾಕಿ ತಿಕ್ಕಿ ತೊಳೆಯಿರಿ. ಬೇಸಿಗೆಯಲ್ಲಿ ಮೇಲಿನ ಟಿನ್ನಿನ ಅಳತೆಗೆ ಎರಡು ಚಮಚ ಹಾಲಿನ ಬದಲು ಅಷ್ಟೇ ವಿನೆಗರ್ ಹಾಕಿ. ಆ ಬ್ಯಾಕ್ಟೀರಿಯಾಕ್ಕೆ ಹುಳಿ ಆಗಿಬರುವುದಿಲ್ಲ, ತಿನ್ನುವವರಿಗೆ ಅದು ಗೊತ್ತೂ ಆಗುವುದಿಲ್ಲ.