ಕಾರಿನ ಹೀಟರ್ ಕೈಕೊಟ್ಟರೆ: ಮಿನ್ನೆಸೋಟಾಗೆ ಹೊಸದಾಗಿ ಬಂದವರಿಗೆ

ಬೆಂಗಳೂರಿನಲ್ಲಿ ಕಾರು ಓಡಿಸಿದವರು ಏಸಿ ಬಟನ್ ಒತ್ತಿ ಒತ್ತಿ ಸವೆಸಿರುತ್ತಾರೆ. ಪಕ್ಕದ ನಾಬ್ ಅನ್ನು ಕೆಂಪು ಕಡೆಗೆ ತಿರುಗಿಸಿದವರು ಕಡಿಮೆ. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಆ ಕೆಂಪು ಕಡೆಯೇ ಗತಿ. ಹೊಸಬರಲ್ಲಿ ಹಲವರು ಮೊದಲು ಸೆಕೆಂಡ್ ಹ್ಯಾಂಡ್ ಕಾರು ತಗೊಳ್ತಾರೆ. ಬೇಸಿಗೆಯಲ್ಲಿ ತಗೊಂಡರೆ ಹೀಟರ್ ಹಾಕಿ ನೋಡುವುದು ಯಾರಿಗೂ ಹೊಳೆಯುವುದಿಲ್ಲ. ಜುಲೈ ತಿಂಗಳಾದರೂ ಸರಿ, ಕೊಳ್ಳುವ ಮೊದಲು ಹತ್ತು ನಿಮಿಷ ಹೀಟರ್ ಹಾಕಿ, ಬೆವರಿಕೊಂಡೇ ನೋಡಿ.

ತೊಂದರೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಗಾಳಿ ಬರ್ತಿಲ್ವಾ, ಇಲ್ಲಾ ಬಿಸಿ ಬರ್ತಿಲ್ವಾ? ಎರಡೂ ಬೇರೆ ಬೇರೆ ಕಾಯಿಲೆ. ಖರ್ಚೂ ಬೇರೆ. ಇದನ್ನು ವಿಂಗಡಿಸದೆ ಗ್ಯಾರೇಜಿಗೆ ಹೋದರೆ ಹುಡುಕುವುದಕ್ಕೇ ದುಡ್ಡು ಹೋಗುತ್ತದೆ.

ಗಾಳಿ ಕಡಿಮೆಯಾಗಿದ್ದರೆ

ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಆದರೆ ಗಾಳಿ ಮಾತ್ರ ಮೆಲ್ಲಗೆ. ಹಾಗಿದ್ದರೆ ಮೊದಲ ಅನುಮಾನ ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಮೇಲೆ. ಬಹಳಷ್ಟು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಹಳೆಯ ಮಾಲೀಕರು ಬದಲಿಸಿರುವುದೇ ಇಲ್ಲ. ತೆಗೆದು ನೋಡಿದರೆ ಒಣಗಿದ ಎಲೆ, ಧೂಳು, ಒಮ್ಮೊಮ್ಮೆ ಇಲಿ ಗೂಡು! ಹೊಸದನ್ನು ನೀವೇ ಹಾಕಬಹುದು, ಸ್ಕ್ರೂಡ್ರೈವರ್ ಕೂಡ ಹೆಚ್ಚಾಗಿ ಬೇಕಾಗುವುದಿಲ್ಲ. ಫಿಲ್ಟರ್ ಮೇಲಿರುವ ಬಾಣದ ಗುರುತು ನೋಡಿ ಕೂರಿಸಿ. ಇದಕ್ಕೆ ಅಂಗಡಿಯವರಿಗೆ ಕೂಲಿ ಕೊಡುವುದು ಸುಮ್ನೆ ದಂಡ.

ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಹತ್ತಿರ, ಹೊರಗಾಳಿ ಒಳಬರುವ ಜಾಲರಿ ಇದೆ. ಹಿಮ ಬಿದ್ದಾಗ ಗಾಜು ಒರೆಸಿ ಅದನ್ನು ಹಾಗೇ ಬಿಡುತ್ತೇವೆ. ಅಲ್ಲಿನ ಹಿಮವನ್ನೂ ತೆಗೆಯಿರಿ. ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದ್ದರೆ ಅದರ ಸ್ಪೀಡ್ ಹೆಚ್ಚು ಕಡಿಮೆ ಮಾಡುವ ಬ್ಲೋವರ್ ರೆಸಿಸ್ಟರ್ ಹೋಗಿರುವ ಸಾಧ್ಯತೆ ಜಾಸ್ತಿ. ಅದು ದೊಡ್ಡ ಬೆಲೆಯ ಸಾಮಾನಲ್ಲ.

ಬಿಸಿ ಕಡಿಮೆಯಾಗಿದ್ದರೆ

ಪೆಟ್ರೋಲ್ ಕಾರಿನಲ್ಲಿ ಬಿಸಿಗೆಂದು ಬೇರೆ ಒಲೆ ಇಲ್ಲ. ಎಂಜಿನ್ ಸುತ್ತ ಓಡಾಡುವ ಕೂಲಂಟ್ ಎಂಬ ದ್ರವ ಕಾಯುತ್ತದೆ, ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರ್‌ಗೆ ಬರುತ್ತದೆ, ಫ್ಯಾನ್ ಅದರ ಮೇಲೆ ಗಾಳಿ ಊದುತ್ತದೆ. ಹಂಡೆ ಕಾಯುವ ಮೊದಲೇ ನಲ್ಲಿ ತಿರುಗಿಸಿದರೆ ತಣ್ಣೀರೇ ಅಲ್ವಾ? ಆದ್ದರಿಂದ ಸ್ಟಾರ್ಟ್ ಮಾಡಿದ ತಕ್ಷಣ ಬಿಸಿ ಬರಲಿಲ್ಲವೆಂದು ಗಾಬರಿ ಬೇಡ. ನಿಂತಲ್ಲೇ ಎಂಜಿನ್ ಓಡಿಸುವುದಕ್ಕಿಂತ ಗಾಜು ಚೊಕ್ಕ ಮಾಡಿಕೊಂಡು ನಿಧಾನವಾಗಿ ಹೊರಟರೆ ಬೇಗ ಕಾಯುತ್ತದೆ.

ಇಪ್ಪತ್ತು ನಿಮಿಷ ಓಡಿಸಿದರೂ ಟೆಂಪರೇಚರ್ ಮುಳ್ಳು ಕೆಳಗೇ ಇದ್ದರೆ, ಅದರಲ್ಲೂ ಹೈವೇಗೆ ಹೋದಾಗ ಇನ್ನೂ ಇಳಿದರೆ, ಥರ್ಮೋಸ್ಟಾಟ್, ಅಂದರೆ ರೇಡಿಯೇಟರ್‌ಗೆ ಹೋಗುವ ಕೂಲಂಟನ್ನು ತಡೆದು ಬಿಡುವ ಕವಾಟ, ತೆರೆದೇ ಸಿಕ್ಕಿಕೊಂಡಿರಬಹುದು. ಚೆಕ್ ಎಂಜಿನ್ ಲೈಟ್ ಹತ್ತಿ ಕಾರಿನ ಕಂಪ್ಯೂಟರ್‌ನಲ್ಲಿ ಪಿ0128 ಎಂಬ ದೋಷದ ಕೋಡ್ ಬಂದರೆ ಈ ಅನುಮಾನ ಗಟ್ಟಿಯಾಗುತ್ತದೆ. 1996ರಿಂದೀಚಿನ ಕಾರುಗಳ ಕೋಡನ್ನು ಕೆಲವು ಬಿಡಿಭಾಗದ ಅಂಗಡಿಗಳು ಪುಕ್ಕಟೆ ಓದಿ ಹೇಳುತ್ತವೆ.

ಸಿಗ್ನಲ್‌ನಲ್ಲಿ ನಿಂತಾಗ ತಣ್ಣಗೆ, ಆಕ್ಸಿಲರೇಟರ್ ಒತ್ತಿದರೆ ಬಿಸಿ. ಹೀಗಾದರೆ ಕೂಲಂಟ್ ಕಡಿಮೆಯಾಗಿರಬಹುದು, ಇಲ್ಲವೇ ಪೈಪಿನಲ್ಲಿ ಗಾಳಿ ಸೇರಿರಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಇರುವ ಪ್ಲಾಸ್ಟಿಕ್ ಡಬ್ಬಿಯ ಗೆರೆ ನೋಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಕೂಲಂಟ್ ತುಂಬಿದ ಮೇಲೂ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು, ಪಕ್ಕದ ಸೀಟಿನ ಕಾಲಡಿ ಒದ್ದೆ ಕಾರ್ಪೆಟ್, ಇವೆಲ್ಲ ಹೀಟರ್ ಕೋರ್ ಒಡೆದಿರುವ ಲಕ್ಷಣ. ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಬಹುದು, ಬಿಲ್ ದೊಡ್ಡದಾಗುತ್ತದೆ. ಸೋರಿಕೆ ನಿಲ್ಲಿಸುತ್ತದೆಂದು ಬಾಟಲಿಯಲ್ಲಿ ಮಾರುವ ದ್ರವವನ್ನು ನಂಬಬೇಡಿ. ಅದು ಹೀಟರ್ ಕೋರನ್ನೇ ಕಟ್ಟಿಸಿಬಿಡಬಹುದು.

ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆಯಿಂದ ಕಾರು ಓಡಿಸಿಕೊಂಡು ಬಂದವರು ಇಲ್ಲಿ ಸ್ವಲ್ಪ ನಿಲ್ಲಿ. ಅಲ್ಲಿ ಯಾರೋ ಬರೀ ನೀರು ಸುರಿದು ಕೂಲಂಟ್ ತೆಳುವಾಗಿಸಿರಬಹುದು. ಕೂಲಂಟ್‌ನಲ್ಲಿ ನೀರು, ಹೆಪ್ಪುಗಟ್ಟದಂತೆ ತಡೆಯುವ ಆ್ಯಂಟಿಫ್ರೀಜ್ ಸಮಸಮ ಇದ್ದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. 2019ರ ಜನವರಿ ಕೊನೆಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಮುಟ್ಟಿತ್ತು. ನೀರು ಜಾಸ್ತಿ ಇದ್ದ ಎಂಜಿನ್ ಅಂಥ ರಾತ್ರಿ ಬಿರುಕು ಬಿಡಬಹುದು. ಚಳಿಗೆ ಮೊದಲೇ ಕೂಲಂಟ್ ಪರೀಕ್ಷೆ ಮಾಡಿಸಿ. ಕೂಲಂಟ್ ವಿಷ, ರುಚಿ ಸಿಹಿ. ಮಕ್ಕಳು, ನಾಯಿಗಳ ಕೈಗೆ ಸಿಗದ ಹಾಗೆ ಇಡಿ.

ಕೂಲಂಟ್ ಸರಿಯಿದೆ, ಮುಳ್ಳು ಮಧ್ಯದಲ್ಲಿದೆ, ಆದರೂ ಡ್ರೈವರ್ ಕಡೆ ಬಿಸಿ, ಪಕ್ಕದ ಕಡೆ ತಣ್ಣಗೆ, ಜೊತೆಗೆ ಡ್ಯಾಶ್‌ಬೋರ್ಡ್ ಹಿಂದೆ ಟಿಕ್ ಟಿಕ್ ಸದ್ದು. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಸುವ ಬಾಗಿಲನ್ನು ತಿರುಗಿಸುವ ಪುಟ್ಟ ಮೋಟಾರ್ ಕೆಟ್ಟಿರುತ್ತದೆ. ಎಲೆಕ್ಟ್ರಿಕ್ ಕಾರಿನ ಕಥೆಯೇ ಬೇರೆ. ಅಲ್ಲಿ ಬಿಸಿ ಬರುವುದು ಬ್ಯಾಟರಿಯ ಕರೆಂಟಿನಿಂದ, ಆದ್ದರಿಂದ ನೇರ ಡೀಲರ್ ಹತ್ತಿರ ಹೋಗಿ.

ಗಾಜು ಮಂಜಾಗುತ್ತಿದ್ದರೆ ಅದು ಹೀಟರ್ ದೋಷವೇ ಆಗಿರಬೇಕಿಲ್ಲ. ಒಳಗಾಳಿಯನ್ನೇ ತಿರುಗಿಸುವ ಬಟನ್ ಆಫ್ ಮಾಡಿ, ಗಾಜಿನ ಮೇಲೆ ಗಾಳಿ ಊದುವ ಡಿಫ್ರಾಸ್ಟ್ ಜೊತೆ ಏಸಿಯನ್ನೂ ಹಾಕಿ. ಚಳಿಯಲ್ಲಿ ಏಸಿ ಏಕೆಂದು ಮನೆಯವರು ಕೇಳುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ, ಅಷ್ಟೇ.

ಗ್ಯಾರೇಜಿನಲ್ಲಿ "ಹೀಟರ್ ಸರಿಯಿಲ್ಲ" ಎಂದಷ್ಟೇ ಹೇಳಬೇಡಿ. ಮುಳ್ಳು ಎಲ್ಲಿತ್ತು, ನಿಂತಾಗಲೋ ಓಡುವಾಗಲೋ, ಗಾಳಿಯೋ ಬಿಸಿಯೋ, ಎಲ್ಲ ಬರೆದುಕೊಂಡು ಹೋಗಿ. ಪರೀಕ್ಷೆಗೆ ಎಷ್ಟು ತಗೊಳ್ತೀರಿ ಎಂದು ಮೊದಲೇ ಕೇಳಿ. ರಿಪೇರಿಯ ಅಂದಾಜನ್ನು ಬರೆದುಕೊಡಲು ಹೇಳಿ. ಕೇಳಲು ಸಂಕೋಚ ಬೇಡ, ಇಲ್ಲಿ ಎಲ್ಲರೂ ಕೇಳುತ್ತಾರೆ.

ರಿಪೇರಿ ಆಗುವವರೆಗೆ ಕಾರಿನಲ್ಲಿ ಕಂಬಳಿ, ಕೈಗವಸು, ಟೋಪಿ ಇಟ್ಟಿರಿ. ಬಾಗಿಲು ತೆರೆದಿದ್ದರೂ ಮನೆಯ ಗ್ಯಾರೇಜಿನೊಳಗೆ ಎಂಜಿನ್ ಓಡಿಸಿ ಕಾಯಿಸಬೇಡಿ. ಹಿಮದಲ್ಲಿ ಸಿಕ್ಕಿಕೊಂಡು ಬಿಸಿಗಾಗಿ ಎಂಜಿನ್ ಹಾಕುವುದಾದರೆ, ಇಳಿದು ಹೋಗಿ ಹಿಂದಿನ ಹೊಗೆ ಕೊಳವೆಯ ಸುತ್ತ ಹಿಮ ತೆಗೆದ ಮೇಲೆಯೇ ಸ್ಟಾರ್ಟ್ ಮಾಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ.