ಬಿದ್ರಿ ಚೆಸ್ ಸೆಟ್: ಆಡೋದಾ, ಬೀರುವಿನಲ್ಲಿ ಇಡೋದಾ?

ಬೀದರ್‌ನಲ್ಲಿ ನಮ್ಮ ಕಾಕಾ ಕೊಟ್ಟ ಬಿದ್ರಿ ಚೆಸ್ ಸೆಟ್ ವರ್ಷಗಟ್ಟಲೆ ಬೀರುವಿನಲ್ಲೇ ಇತ್ತು. ಈಗ ಹಬ್ಬ, ರಜೆ ಬಂದಾಗ ತೆಗೆದು ಆಡುತ್ತೇವೆ. ದಿನದ ಆಟಕ್ಕೆ ಮರದ ಕಾಯಿಗಳೇ ಸಾಕು.

ಬಿದ್ರಿ ಅಂದರೆ ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಎಳೆ ಕೂರಿಸಿ, ಕಪ್ಪು ಬಣ್ಣ ಬರಿಸಿದ್ದು. ನೋಡೋಕೆ ಗಟ್ಟಿ, ಆದರೆ ಬಿದ್ದರೆ ಮುರಿಯಬಹುದು. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಅಲ್ವಾ? ಅದಕ್ಕೇ ದಪ್ಪ ಜಮಖಾನೆ ಹಾಸಿಕೊಂಡು ಕೂರಿ. ಕಾಯಿಗಳ ತಳಕ್ಕೆ ಮೆತ್ತನೆ ಬಟ್ಟೆ ಅಂಟಿಸಿ.

ಮಿರ್ಚಿ ಭಜಿ ತಿಂದ ಕೈಯಲ್ಲಿ ಮಾತ್ರ ಮುಟ್ಟಬೇಡಿ. ಆ ಕಪ್ಪು ಬಣ್ಣ ಬೀದರ್ ಕೋಟೆಯ ಮಣ್ಣು, ನವಸಾಗರ (ಒಂದು ಬಗೆಯ ಲವಣ) ಸೇರಿಸಿದ ನೀರಿನಿಂದ ಬಂದದ್ದು. ಮೇಲಿನ ತೆಳು ಪದರ ಅಷ್ಟೇ.

ಹಿತ್ತಾಳೆ ಪಾತ್ರೆ ತರಹ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ತಿಕ್ಕಲೇಬೇಡಿ. ಹುಳಿ ಸತುವನ್ನು ತಿನ್ನುತ್ತದೆ. ನಾನು ಒಂದು ಕುದುರೆ ಹೀಗೇ ಕೆಡಿಸಿಕೊಂಡೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಟ ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಒಂದೊಂದು ಕಾಯಿಯನ್ನೂ ಬೇರೆ ಬೇರೆ ಸುತ್ತಿಡಿ, ಬೆಳ್ಳಿ ಎಳೆಗೆ ಗೀರು ಬೀಳುವುದಿಲ್ಲ.