ವರ್ನಿಯರ್ ಹಿಡಿದು ಪೀಣ್ಯಕ್ಕೆ

1951ರಿಂದಲೂ ಇಂಜಿನಿಯರಿಂಗ್ ಕಾಲೇಜಿರುವ ಊರು ದಾವಣಗೆರೆ. ಹಾಗಾಗಿ ನಾನು ಮೆಕ್ಯಾನಿಕಲ್ ಮುಗಿಸಿದಾಗ ಯಾರೂ ಬೆರಗಾಗಲಿಲ್ಲ. "ಕೆಲಸ ಯಾವಾಗ?" ಅಂತಷ್ಟೇ ಕೇಳಿದರು.

ಆನ್‌ಲೈನ್‌ನಲ್ಲಿ ಬಯೋಡೇಟಾ ಹಾಕಿ ಎರಡು ತಿಂಗಳು ಕಾದೆ. ಫೋನ್ ಮಾಡಿದವರೆಲ್ಲ ಮೊದಲು ದುಡ್ಡು ಕಟ್ಟಿ ಅನ್ನುವವರೇ. ಕೊನೆಗೆ ಒಂದಷ್ಟು ಜೆರಾಕ್ಸ್ ಮಾಡಿಸಿಕೊಂಡು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊರಟೆ. (ನಮ್ಮ ಕಡೆಯವರಿಗೆ ಒಂದು ಮಾತು: ಸುಮ್ನೆ ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರಬೇಡಿ. ಬಸ್ ಫ್ಲೈಓವರ್ ಕೆಳಗೆ ಹೋಗುತ್ತಾ ಅಂತ ಕಂಡಕ್ಟರ್‌ನ ಕೇಳಿ, ಎಂಟನೇ ಮೈಲಿಯಲ್ಲಿ ಇಳಿಯಿರಿ.)

ದೊಡ್ಡ ಕಂಪನಿಗಳ ಗೇಟಿನಲ್ಲಿ ಸೆಕ್ಯುರಿಟಿಯವರೇ ಬಯೋಡೇಟಾ ಇಸ್ಕೊಂಡು ಕಳಿಸಿಬಿಡುತ್ತಾರೆ. ಸಣ್ಣ ಶೆಡ್‌ಗಳಲ್ಲಿ ಹಾಗಲ್ಲ, ಓನರ್ ಮೆಷಿನ್ ಪಕ್ಕದಲ್ಲೇ ನಿಂತಿರುತ್ತಾರೆ. ಅಂಥ ಒಂದು ಕಡೆ ಬುಷ್ (ನಡುವೆ ತೂತು, ಅಂದರೆ ಬೋರ್, ಇರುವ ಕೊಳವೆಯಂಥ ಬಿಡಿಭಾಗ), ಅದರ ಡ್ರಾಯಿಂಗ್, ಅಳೆಯೋಕೆ ವರ್ನಿಯರ್ ಕ್ಯಾಲಿಪರ್ ಕೈಗಿಟ್ಟು, "ಬೋರ್ ಸರಿ ಇದ್ಯಾ ನೋಡಿ" ಅಂದರು. ಡ್ರಾಯಿಂಗ್‌ನಲ್ಲಿ 25 ಎಚ್7 ಅಂತಿತ್ತು. ಅಳೆದೆ, 25 ಬಂತು. "ಓಕೆ ಸಾರ್" ಅಂದೆ. ಅವರು ಬುಷ್ ವಾಪಸ್ ಇಸ್ಕೊಂಡು, "ಊಟ ಆಯ್ತಾ?" ಅಂತ ಕೇಳಿ ಕಳಿಸಿದರು.

ಊರಿಗೆ ಬಂದು ಮಾವನಿಗೆ ಹೇಳಿದೆ. ಅವರದು ಲೇತ್ ವರ್ಕ್‌ಶಾಪ್. ಹಿಂದೆ ಕಾಟನ್ ಮಿಲ್‌ಗಳ ಸ್ಪೇರ್ ಪಾರ್ಟ್ ಮಾಡುತ್ತಿದ್ದರು, ಈಗ ಟ್ರ್ಯಾಕ್ಟರ್, ಪಂಪಿನ ಕೆಲಸ ಜಾಸ್ತಿ. ಕೇಳಿ ನಕ್ಕರು. 25 ಎಚ್7 ಅಂದರೆ ತೂತು 25.000ರಿಂದ 25.021 ಮಿ.ಮೀ. ಒಳಗಿರಬೇಕು. ನನಗೆ ಕೊಟ್ಟಿದ್ದ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆಯೇ 0.02. ಇಡೀ ಟಾಲರೆನ್ಸ್, ಅಂದರೆ ಅಳತೆ ಹೆಚ್ಚುಕಡಿಮೆ ಆಗಬಹುದಾದ ಮಿತಿ, ಒಂದು ಗೀಟಿನಲ್ಲಿ ಮುಗಿದುಹೋಗುತ್ತೆ! ಎರಡನ್ನೂ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವನೇ ನಾನು. ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ ಅಷ್ಟೆ. ಮಾವ ತೂತಿಗೆ ತೂರಿಸಿ ಅಳತೆ ನೋಡುವ, ಮಿಲ್ಲಿನ ಕಾಲದ ಪ್ಲಗ್ ಗೇಜ್ ಒಂದನ್ನು ಹುಡುಕಿ ತೆಗೆದರು. "ಈ ತುದಿ ಒಳಗೆ ಹೋಗ್ಬೇಕು, ಆ ತುದಿ ಹೋಗ್ಬಾರ್ದು. ಅಷ್ಟೇ ನೋಡಪ್ಪಾ ಇಂಜಿನಿಯರ್."

ಮುಂದಿನ ಒಂದು ತಿಂಗಳು ಅಲ್ಲೇ ಕೂತು ಅಳತೆ ಕಲಿತೆ. ಸಂಜೆ ಮಂಡಕ್ಕಿ ಮಿರ್ಚಿ ತರುವುದೂ ನನ್ನದೇ ಡ್ಯೂಟಿ.

ಮತ್ತೆ ಪೀಣ್ಯ. ನಾಲ್ಕನೇ ದಿನ ಬೇರೆ ಶೆಡ್, ಬೇರೆ ಪಾರ್ಟ್, ಅದೇ ವರ್ನಿಯರ್. "ಸಾರ್, ಇದಕ್ಕೆ ಇದು ಸಾಕಾಗಲ್ಲ. ಬೋರ್ ಗೇಜ್ ಇದ್ಯಾ?" ಅಂದೆ. ಕ್ವಾಲಿಟಿಯಲ್ಲಿ ಕೆಲಸ ಸಿಕ್ಕಿತು, ತಿಂಗಳಿಗೆ 14 ಸಾವಿರ. ದಾಸರಹಳ್ಳಿಯಲ್ಲಿ ಮೂವರು ಸೇರಿ ರೂಮ್ ಮಾಡಿದೆವು. ಸಾಫ್ಟ್‌ವೇರಿಗೆ ಹೋದ ಗೆಳೆಯರ ಸಂಬಳ ಕೇಳಿ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಮೊದಲ ಸಂಬಳದಲ್ಲಿ, ವರ್ನಿಯರ್‌ಗಿಂತ ಸೂಕ್ಷ್ಮವಾಗಿ ಅಳೆಯುವ ಒಂದು ಮೈಕ್ರೋಮೀಟರ್ ಕೊಂಡು ಊರಿಗೆ ತಂದೆ. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕಂಪನಿಯೋರು ಕೊಡಲ್ವೇನೋ ಇದನ್ನ?" ಅಂದರು.